ಪಾಮಿರ್ ಹೆದ್ದಾರಿಯಲ್ಲಿ ಬೈಕ್ ಪ್ರವಾಸ: ದುಶಾನ್ಬೆಯಿಂದ ಓಶ್‌ವರೆಗೆ ಸಮಗ್ರ ಮಾರ್ಗದರ್ಶಿ

ತಜಿಕಿಸ್ತಾನದ ರಾಜಧಾನಿ ದುಶಾನ್ಬೆಯಿಂದ ಕಿರ್ಗಿಸ್ತಾನದ ಓಶ್ ಪಟ್ಟಣದವರೆಗಿನ ಎಂ41 ರಸ್ತೆಗೆ ಪಾಮಿರ್ ಹೆದ್ದಾರಿ ಎಂದು ಹೆಸರು. ಉದ್ದ ಸುಮಾರು 1,300 ಕಿ.ಮೀ. ಹೆದ್ದಾರಿ ಎಂದ ಮಾತ್ರಕ್ಕೆ ನುಣುಪಾದ ರಸ್ತೆಯನ್ನು ಕಲ್ಪಿಸಿಕೊಂಡು ಹೊರಡಬೇಡಿ. ಸೋವಿಯತ್ ಕಾಲದಲ್ಲಿ ಹಾಕಿದ ಡಾಂಬರು ಎಷ್ಟೋ ಕಡೆ ಎದ್ದುಹೋಗಿದೆ. ಉಳಿದ ಕಡೆ ಜಲ್ಲಿ, ಮರಳು, ರಸ್ತೆಗೆ ಅಡ್ಡ ಹರಿಯುವ ಹಳ್ಳ. ದಿನಗಟ್ಟಲೆ ನಿಮ್ಮ ಬಲಕ್ಕೆ ಪಂಜ್ ನದಿ, ಅದರಾಚೆ ಅಫ್ಘಾನಿಸ್ತಾನ. ಮೇಲಿನ ಬಯಲಿಗೆ ಏರಿದ ಮೇಲೆ ಅದೇ ಬಲಗಡೆಯಲ್ಲಿ ಚೀನಾ ಕಡೆಯ ಗಡಿಬೇಲಿ.

ಈ ಗಡಿಗೂ ನಮಗೂ ಒಂದು ಸಂಬಂಧವಿದೆ. ಬ್ರಿಟಿಷ್ ಇಂಡಿಯಾ ಮತ್ತು ತ್ಸಾರ್ ರಷ್ಯಾ ಒಂದಕ್ಕೊಂದು ತಾಗಬಾರದು ಎಂಬ ಲೆಕ್ಕಾಚಾರದಲ್ಲಿ ಎರಡರ ನಡುವೆ ಅಫ್ಘಾನಿಸ್ತಾನಕ್ಕೆ ಸೇರಿದ ಸಪೂರ ಪಟ್ಟಿಯೊಂದನ್ನು ಬಿಟ್ಟರು. ಅದೇ ವಾಖಾನ್. 1895ರಲ್ಲಿ ಎರಡೂ ಸಾಮ್ರಾಜ್ಯಗಳ ಜಂಟಿ ಆಯೋಗ ಪಾಮಿರ್ ಬೆಟ್ಟಗಳಿಗೆ ಬಂದು ಗಡಿಯ ಕೊನೆಯ ಭಾಗವನ್ನು ಗುರುತು ಹಾಕಿತು. ಒಂದೇ ಭಾಷೆಯಾಡುವ ವಾಖಿ ಜನ ನದಿಯ ಎರಡು ದಡಗಳಲ್ಲಿ ಎರಡು ದೇಶದವರಾದರು. ನೀವು ಬೈಕ್ ಓಡಿಸುವುದು ಆ ನದಿಯ ಉತ್ತರ ದಡದಲ್ಲಿ.

ಲಡಾಖ್, ಸ್ಪಿತಿ ಸುತ್ತಿ ಬಂದ ನಮ್ಮ ಸವಾರರಿಗೆ ಎತ್ತರವಾಗಲಿ ಕೆಟ್ಟ ರಸ್ತೆಯಾಗಲಿ ಹೊಸದಲ್ಲ. ಇಲ್ಲಿ ಕಷ್ಟ ಬೇರೆ ಕಡೆ ಇದೆ. ನಮ್ಮ ಭಾಷೆ ಬಲ್ಲ ಮೆಕ್ಯಾನಿಕ್ ಇಲ್ಲ, ಸಹಾಯಕ್ಕೆ ನಮ್ಮ ಸೇನೆಯ ಶಿಬಿರ ಇಲ್ಲ, ಒಂದು ಕಾಗದ ತಪ್ಪಿದರೆ ದಾಟಿ ಬಂದ ದಾರಿಯಲ್ಲೇ ವಾಪಸ್ಸು ಹೋಗಬೇಕು. ಹಾಗಾಗಿ ಬೈಕಿಗಿಂತ ಮೊದಲು ಕಾಗದವನ್ನೂ ಮೈಯನ್ನೂ ಸಿದ್ಧಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಂತ 1: ದಿಕ್ಕು ಮತ್ತು ತಿಂಗಳು ತೀರ್ಮಾನಿಸಿ

ಬಹಳಷ್ಟು ಸವಾರರು ಓಶ್‌ನಿಂದ ಶುರುಮಾಡುತ್ತಾರೆ, ಏಕೆಂದರೆ ಬಾಡಿಗೆ ಬೈಕ್ ಅಲ್ಲಿ ಸುಲಭವಾಗಿ ಸಿಗುತ್ತದೆ. ನಾನು ದುಶಾನ್ಬೆಯಿಂದಲೇ ಹೊರಡಿ ಎನ್ನುತ್ತೇನೆ. ಓಶ್ ಸುಮಾರು 1,000 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಹೊರಟರೆ ಅದೇ ದಿನ ಸಾರಿ-ತಾಶ್‌ನ 3,100 ಮೀಟರ್ ದಾಟುತ್ತೀರಿ, ಮರುದಿನ ಕರಾಕುಲ್ ಸರೋವರದ ಪಕ್ಕ 3,900 ಮೀಟರಿನಲ್ಲಿ ಮಲಗುತ್ತೀರಿ. ಅದು ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಎರಡು ಪಟ್ಟು ಎತ್ತರ, ಅದೂ ಎರಡೇ ದಿನದಲ್ಲಿ. ದುಶಾನ್ಬೆ ಕಡೆಯಿಂದ ಬಂದರೆ ನದಿಯ ಜೊತೆ ಹತ್ತುತ್ತೀರಿ. ಕಲೈಖುಮ್ 1,200 ಮೀಟರಿನ ಆಸುಪಾಸು, ಖೋರೋಗ್ 2,100, ಇಶ್ಕಾಶಿಮ್ 2,500, ಲಂಗರ್ 2,800ಕ್ಕೂ ಹೆಚ್ಚು. ಒಂದು ವಾರ ಹೀಗೆ ನಿಧಾನವಾಗಿ ಏರಿದ ಮೇಲೆ ಎತ್ತರದ ಬಯಲು ಸಿಗುವಾಗ ಮೈ ಒಗ್ಗಿರುತ್ತದೆ. ನದಿ ಮಾಡಿಕೊಟ್ಟ ಈ ಅನುಕೂಲವನ್ನು ಬಿಡಬೇಡಿ.

ದುಶಾನ್ಬೆಯಲ್ಲಿ ಬೈಕ್ ಪಡೆದು ಓಶ್‌ನಲ್ಲಿ ಬಿಡುವ ವ್ಯವಸ್ಥೆ ಎಲ್ಲ ಬಾಡಿಗೆಯವರ ಬಳಿ ಇರುವುದಿಲ್ಲ. ನಾಲ್ಕೈದು ತಿಂಗಳು ಮೊದಲೇ ಕೇಳಿ. ಸಿಗದೆ ಓಶ್‌ನಿಂದಲೇ ಹೊರಡಬೇಕಾದರೆ ಸಾರಿ-ತಾಶ್‌ನಲ್ಲಿ ಕನಿಷ್ಠ ಎರಡು ರಾತ್ರಿ ತಂಗಿ, ಹಗಲು ಮೇಲಕ್ಕೆ ಹೋಗಿ ರಾತ್ರಿ ಕೆಳಗೆ ಬಂದು ಮಲಗಿ.

ತಿಂಗಳ ವಿಷಯ ಸುಲಭ. ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಹೋಗಬಹುದು. ಜುಲೈ ಮತ್ತು ಆಗಸ್ಟ್‌ನಲ್ಲಿ ಹಿಮ ಕರಗಿ ಹಳ್ಳಗಳು ಮಧ್ಯಾಹ್ನದ ಹೊತ್ತಿಗೆ ಉಕ್ಕುತ್ತವೆ, ಭೂಕುಸಿತವೂ ಹೆಚ್ಚು. ಸೆಪ್ಟೆಂಬರ್‌ನಲ್ಲಿ ನೀರು ಇಳಿದಿರುತ್ತದೆ, ಆಕಾಶ ತಿಳಿ, ವಾಖಾನ್ ಹಳ್ಳಿಗಳಲ್ಲಿ ಸುಗ್ಗಿ. ನನ್ನ ಆಯ್ಕೆ ಸೆಪ್ಟೆಂಬರ್‌ನ ಮೊದಲ ಮೂರು ವಾರ. ರಾತ್ರಿ ಚಳಿ ಮಾತ್ರ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ ಎಂಬುದು ನೆನಪಿರಲಿ.

ಹಂತ 2: ಕಾಗದಪತ್ರ

ತಜಿಕಿಸ್ತಾನಕ್ಕೆ ಭಾರತೀಯರು ಇ-ವೀಸಾ ಪಡೆಯಬಹುದು. ಅರ್ಜಿ ತುಂಬುವಾಗ ಜಿಬಿಎಒ ಎಂಬ ಆಯ್ಕೆ ಕಾಣುತ್ತದೆ. ಅದು ಗೊರ್ನೊ-ಬದಖ್ಶಾನ್ ಸ್ವಾಯತ್ತ ಪ್ರಾಂತದ ಪರವಾನಗಿ. ದೇಶದ ನೆಲದಲ್ಲಿ ಹತ್ತಿರ ಹತ್ತಿರ ಅರ್ಧ ಈ ಪ್ರಾಂತದ್ದೇ, ತಜಿಕಿಸ್ತಾನದ ಪಾಮಿರ್‌ನ ಬಹುಭಾಗ ಅದರೊಳಗೇ ಬರುತ್ತದೆ. ಆ ಆಯ್ಕೆಗೆ ಗುರುತು ಹಾಕದೆ ಅರ್ಜಿ ಕಳಿಸಿದರೆ ವೀಸಾ ಬರುತ್ತದೆ, ಆದರೆ ಕಲೈಖುಮ್‌ಗೆ ಮೊದಲೇ ಚೆಕ್‌ಪೋಸ್ಟ್‌ನಲ್ಲಿ ತಡೆಯುತ್ತಾರೆ. ಜೋರ್ಕುಲ್ ಸರೋವರ, ಸಾರೆಜ್ ಸರೋವರ ನೋಡುವ ಆಸೆ ಇದ್ದರೆ ಅವಕ್ಕೆ ಬೇರೆ ಪರವಾನಗಿ ಬೇಕು. ಖೋರೋಗ್‌ನ ಏಜೆನ್ಸಿಗಳ ಮೂಲಕ ಮೊದಲೇ ಮಾಡಿಸಿಕೊಳ್ಳಿ.

ಕಿರ್ಗಿಸ್ತಾನಕ್ಕೂ ಇ-ವೀಸಾ ಇದೆ. ಅದರಲ್ಲಿ ಒಂದು ಸೂಕ್ಷ್ಮ: ಇ-ವೀಸಾ ಎಲ್ಲ ಗಡಿದ್ವಾರಗಳಲ್ಲೂ ನಡೆಯುತ್ತದೆ ಎಂದು ಭಾವಿಸಬೇಡಿ. ನೀವು ಒಳಹೋಗುವುದು ಎರಡು ದೇಶಗಳ ಗಡಿಯಲ್ಲಿರುವ ಕಿಝಿಲ್-ಅರ್ತ್ ಪಾಸ್ (ಬೆಟ್ಟ ದಾಟುವ ಕಣಿವೆದಾರಿ) ಮೂಲಕ. ಆ ದ್ವಾರ ಪಟ್ಟಿಯಲ್ಲಿ ಇದೆಯೇ ಎಂದು ಅರ್ಜಿಗೆ ಮೊದಲು ನೋಡಿ. ಇಲ್ಲದಿದ್ದರೆ ರಾಯಭಾರ ಕಚೇರಿಯಿಂದ ಪಾಸ್‌ಪೋರ್ಟಿಗೆ ಅಂಟಿಸುವ ವೀಸಾ ಪಡೆಯಿರಿ.

ಕಿಝಿಲ್-ಅರ್ತ್ ತೆರೆದಿದೆಯೇ ಎಂಬುದೂ ಒಂದು ಪ್ರಶ್ನೆಯೇ. 2021 ಮತ್ತು 2022ರಲ್ಲಿ ಈ ಎರಡು ದೇಶಗಳು ಗಡಿಗಾಗಿ ಬಡಿದಾಡಿ ಜನ ಸತ್ತರು. ವರ್ಷಗಳ ಕಾಲ ಗಡಿ ಮುಚ್ಚಿತ್ತು. 2025ರ ಮಾರ್ಚ್ 13ರಂದು ಬಿಷ್ಕೆಕ್‌ನಲ್ಲಿ ಎರಡೂ ದೇಶಗಳ ಅಧ್ಯಕ್ಷರು ಗಡಿ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಪರಿಸ್ಥಿತಿ ಸುಧಾರಿಸಿದೆ. ಆದರೂ ಹೊರಡುವ ತಿಂಗಳಲ್ಲಿ ಒಮ್ಮೆ, ಖೋರೋಗ್ ಅಥವಾ ಮುರ್ಗಾಬ್ ತಲುಪಿದಾಗ ಇನ್ನೊಮ್ಮೆ ವಿಚಾರಿಸಿ.

ಚಾಲನಾ ಪರವಾನಗಿಗೆ ಬರೋಣ. ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯನ್ನು ನಿಮ್ಮ ಆರ್‌ಟಿಒ ಕೊಡುತ್ತದೆ, ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು, ಒಂದು ವರ್ಷ ಚಾಲ್ತಿಯಲ್ಲಿರುತ್ತದೆ. ಅದರಲ್ಲಿ ಮೋಟರ್‌ಸೈಕಲ್ ವರ್ಗಕ್ಕೆ ಮೊಹರು ಬಿದ್ದಿದೆಯೇ ಎಂದು ಕಚೇರಿಯಲ್ಲೇ ನೋಡಿಕೊಳ್ಳಿ. ಮೂಲ ಡಿಎಲ್ ಕಾರ್ಡ್ ಜೊತೆಗಿರಲಿ. ರಷ್ಯನ್ ಭಾಷೆಗೆ ಅನುವಾದಿಸಿ ನೋಟರಿ ಮಾಡಿಸಿದ ಪ್ರತಿಯೊಂದು ಇದ್ದರೆ ಪೊಲೀಸರ ಜೊತೆ ಮಾತು ಬೇಗ ಮುಗಿಯುತ್ತದೆ.

ವಿಮೆಯ ಪಾಲಿಸಿಯನ್ನು ಸಾಲುಸಾಲಾಗಿ ಓದಿ. ಸಾಮಾನ್ಯ ಪ್ರವಾಸ ವಿಮೆ ಎಷ್ಟೋ ಸಲ ಇಂತಿಷ್ಟು ಸಿಸಿಗಿಂತ ದೊಡ್ಡ ಬೈಕನ್ನೂ ಇಂತಿಷ್ಟು ಎತ್ತರಕ್ಕಿಂತ ಮೇಲಿನ ಅಪಘಾತವನ್ನೂ ಹೊರಗಿಡುತ್ತದೆ. ನಿಮಗೆ 4,700 ಮೀಟರ್‌ವರೆಗೆ ಬೇಕು, ಬೆಟ್ಟದಿಂದ ಆಸ್ಪತ್ರೆಗೆ ಸಾಗಿಸುವ ವೆಚ್ಚವೂ ಸೇರಿರಬೇಕು.

ಪಾಸ್‌ಪೋರ್ಟ್, ವೀಸಾ, ಜಿಬಿಎಒ ಪರವಾನಗಿ ಮೂರನ್ನೂ ಸೇರಿಸಿದ ಹಾಳೆಯ ಹತ್ತು ಹದಿನೈದು ಜೆರಾಕ್ಸ್ ಇಟ್ಟುಕೊಳ್ಳಿ. ಪ್ರತಿ ಚೆಕ್‌ಪೋಸ್ಟ್‌ನಲ್ಲೂ ಹೆಸರನ್ನು ಪುಸ್ತಕದಲ್ಲಿ ಕೈಯಿಂದ ಬರೆದುಕೊಳ್ಳುತ್ತಾರೆ. ಹಾಳೆ ಕೊಟ್ಟರೆ ಅರ್ಧ ಗಂಟೆಯ ಕೆಲಸ ಐದು ನಿಮಿಷದಲ್ಲಿ ಆಗುತ್ತದೆ.

ಒಂದು ಎಚ್ಚರಿಕೆ ನಮ್ಮ ದೇಶದವರಿಗೇ ಮೀಸಲು. ಉಪಗ್ರಹ ಫೋನ್ ಮತ್ತು ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನಗಳನ್ನು ಅನುಮತಿ ಇಲ್ಲದೆ ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವರ ಮೇಲೆ ಮೊಕದ್ದಮೆ ಆಗಿದೆ. ಅಂಥ ಸಾಧನ ಬೇಕೆಂದರೆ ಅಲ್ಲೇ ಬಾಡಿಗೆಗೆ ಕೇಳಿ. ಡ್ರೋನ್ ಮನೆಯಲ್ಲೇ ಇರಲಿ. ಗಡಿಭಾಗದಲ್ಲಿ ಅದರಿಂದ ತೊಂದರೆ ಮಾತ್ರ.

ಹಂತ 3: ಭದ್ರತೆಯ ಪರಿಸ್ಥಿತಿ ನೋಡಿ, ನಿರ್ದಾಕ್ಷಿಣ್ಯವಾಗಿ

ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. 2022ರ ಮೇ ತಿಂಗಳಲ್ಲಿ ಖೋರೋಗ್ ಮತ್ತು ರುಶಾನ್‌ನಲ್ಲಿ ಸರ್ಕಾರಿ ಪಡೆಗಳ ಕಾರ್ಯಾಚರಣೆಯಲ್ಲಿ ಅನೇಕರು ಸತ್ತರು, ಪ್ರಾಂತಕ್ಕೆ ಪ್ರವಾಸಿಗಳ ಪ್ರವೇಶ ಸ್ವಲ್ಪ ಕಾಲ ನಿಂತಿತ್ತು. 2025ರ ನವೆಂಬರ್ ಕೊನೆಯಲ್ಲಿ ಅಫ್ಘನ್ ಕಡೆಯಿಂದ ನಡೆದ ದಾಳಿಗಳಲ್ಲಿ ತಜಿಕಿಸ್ತಾನದ ಗಡಿಯಲ್ಲಿ ಕೆಲಸ ಮಾಡುತ್ತಿದ್ದ ಚೀನೀಯರು ಜೀವ ಕಳೆದುಕೊಂಡರು. ಹೆಚ್ಚಿನ ಕಾಲ ಈ ದಾರಿ ಶಾಂತವಾಗಿಯೇ ಇರುತ್ತದೆ, ಪಾಮಿರಿ ಜನರ ಆತಿಥ್ಯ ಹೆಸರುವಾಸಿ. ಆದರೆ ಗಡಿ ಎಂದರೆ ಗಡಿ. ನಮ್ಮ ವಿದೇಶಾಂಗ ಸಚಿವಾಲಯದ ಸೂಚನೆ ಓದಿ, ದುಶಾನ್ಬೆಯ ಭಾರತೀಯ ರಾಯಭಾರ ಕಚೇರಿಗೆ ನಿಮ್ಮ ದಾರಿ ಮತ್ತು ದಿನಾಂಕಗಳನ್ನು ಇಮೇಲ್ ಮಾಡಿ. ಹೋಗಬೇಡಿ ಎಂದರೆ ಟಿಕೆಟ್ ಹಣ ಹೋದರೂ ಹೋಗಬೇಡಿ.

ಹಂತ 4: ಬೈಕು

ಭಾರತದಿಂದ ನಿಮ್ಮದೇ ಬೈಕ್ ಓಡಿಸಿಕೊಂಡು ಹೋಗುವ ಕನಸಿಗೆ ಸದ್ಯ ದಾರಿ ಇಲ್ಲ. ಅಟ್ಟಾರಿ ಗಡಿ ಮುಚ್ಚಿದೆ, ಚೀನಾ ಮೂಲಕ ಹೋಗಲು ಅವರದೇ ಮಾರ್ಗದರ್ಶಿಯ ಜೊತೆ, ದೊಡ್ಡ ಖರ್ಚಿನಲ್ಲಿ ಹೋಗಬೇಕು. ಹಡಗಿನಲ್ಲೋ ವಿಮಾನದಲ್ಲೋ ಕಳಿಸುವ ಹಣಕ್ಕೆ ಎರಡು ಸಲ ಬಾಡಿಗೆ ಬೈಕ್‌ನಲ್ಲಿ ಹೋಗಿ ಬರಬಹುದು. ಬಾಡಿಗೆಯದೇ ಸರಿ.

ದೊಡ್ಡ ಅಡ್ವೆಂಚರ್ ಬೈಕ್‌ನ ಆಸೆ ಬಿಡಿ ಎನ್ನುವುದು ನನ್ನ ಸಲಹೆ. ಮರಳಲ್ಲಿ ಬಿದ್ದ 230 ಕಿಲೋ ಬೈಕನ್ನು 4,000 ಮೀಟರಿನಲ್ಲಿ ಒಬ್ಬರೇ ಎತ್ತಿ ನೋಡಿದರೆ ಗೊತ್ತಾಗುತ್ತದೆ, ಎರಡನೇ ಸಲ ಎತ್ತುವ ಉಸಿರು ಇರುವುದಿಲ್ಲ. 250ರಿಂದ 400 ಸಿಸಿಯ ಹಗುರ ಬೈಕ್ ಸಾಕು. ಹಿಂಬದಿ ಸವಾರರು ಇದ್ದರೆ ಮಾತ್ರ 650 ಸಿಸಿ ನೋಡಿ.

ಎತ್ತರದಲ್ಲಿ ಎಂಜಿನ್ ಸೊರಗುತ್ತದೆ. ಅಕ್-ಬೈತಾಲ್ ಪಾಸ್‌ನ 4,655 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಫ್ಯೂಯೆಲ್ ಇಂಜೆಕ್ಷನ್ ಇರುವ ಬೈಕ್ ತಾನೇ ಪೆಟ್ರೋಲ್ ಕಡಿಮೆ ಮಾಡಿಕೊಂಡು ಸರಿಹೊಂದುತ್ತದೆ, ಶಕ್ತಿ ಮಾತ್ರ ಕುಗ್ಗುತ್ತದೆ. ಕಾರ್ಬ್ಯುರೇಟರ್ ಬೈಕ್‌ನಲ್ಲಿ ಪೆಟ್ರೋಲ್ ಹೆಚ್ಚಾಗಿ ಕಪ್ಪು ಹೊಗೆ, ಮುಕ್ಕರಿಕೆ ಶುರುವಾಗುತ್ತದೆ. ಚಿಕ್ಕ ಮೇನ್ ಜೆಟ್ (ಪೆಟ್ರೋಲ್ ಹರಿವನ್ನು ಅಳೆದು ಬಿಡುವ ಬಿಡಿಭಾಗ) ಒಂದನ್ನು ಕೊಡುತ್ತೀರಾ ಎಂದು ಬಾಡಿಗೆಯವರನ್ನು ಕೇಳಿ, ಬದಲಿಸುವುದನ್ನು ಅವರ ಅಂಗಳದಲ್ಲೇ ಕಲಿಯಿರಿ.

ಬೈಕ್ ಕೈಗೆ ಬಂದಾಗ ಒಂದಿಡೀ ಅರ್ಧ ದಿನ ಅದಕ್ಕೆ ಕೊಡಿ. ಚೈನ್ ಮತ್ತು ಸ್ಪ್ರಾಕೆಟ್ ಹಲ್ಲು, ಬ್ರೇಕ್ ಪ್ಯಾಡ್, ಸ್ಪೋಕುಗಳ ಬಿಗಿತ, ಏರ್ ಫಿಲ್ಟರ್, ಟೈರಿನ ಗಂಟು ಎಲ್ಲವನ್ನೂ ನೋಡಿ. ಹತ್ತಿರದ ಊರಿಗೆ ಹೋಗಿ ಬಂದು, ಸಾಮಾನು ಹೇರಿಕೊಂಡು ಇನ್ನೊಮ್ಮೆ ಓಡಿಸಿ. ಜೊತೆಗೆ ಬೇಕಾದದ್ದು: ಮುಂದಿನ ಹಿಂದಿನ ಎರಡೂ ಟ್ಯೂಬು, ಟೈರ್ ಲಿವರ್, ಪಂಪ್, ಪಂಕ್ಚರ್ ಸಾಮಾನು, ಕ್ಲಚ್ ಕೇಬಲ್, ಕ್ಲಚ್ ಮತ್ತು ಬ್ರೇಕ್ ಲಿವರ್, ಚೈನ್ ಲಿಂಕ್, ಫ್ಯೂಸ್, ತಂತಿ, ಎಂ-ಸೀಲ್, ಟೇಪು. ಟ್ಯೂಬ್ ಬದಲಿಸುವುದು ಬರದಿದ್ದರೆ ಹೊರಡುವ ಮೊದಲು ಮನೆ ಹತ್ತಿರದ ಪಂಕ್ಚರ್ ಅಂಗಡಿಯಲ್ಲಿ ಒಂದು ಮಧ್ಯಾಹ್ನ ಕೂತು ನಿಮ್ಮ ಕೈಯಿಂದಲೇ ಮಾಡಿ ಕಲಿಯಿರಿ. ಪಾಮಿರ್‌ನಲ್ಲಿ ಬೇರೆ ಯಾವ ಕೌಶಲಕ್ಕಿಂತಲೂ ಇದು ಹೆಚ್ಚು ಕೆಲಸಕ್ಕೆ ಬರುತ್ತದೆ.

ಪೆಟ್ರೋಲ್ ಲೆಕ್ಕ: ಖೋರೋಗ್, ಇಶ್ಕಾಶಿಮ್, ಮುರ್ಗಾಬ್‌ಗಳಲ್ಲಿ ಸಿಗುತ್ತದೆ. ಖೋರೋಗ್‌ನಿಂದ ಮುರ್ಗಾಬ್‌ಗೆ ನೇರ ಎಂ41ರಲ್ಲೇ 300 ಕಿ.ಮೀ. ಮೀರುತ್ತದೆ, ವಾಖಾನ್ ಸುತ್ತಿಕೊಂಡು ಬಂದರೆ ಇನ್ನೂ ಹೆಚ್ಚು. ಮುರ್ಗಾಬ್‌ನಿಂದ ಸಾರಿ-ತಾಶ್‌ಗೆ ಸುಮಾರು 230 ಕಿ.ಮೀ. ಟ್ಯಾಂಕ್ ಮತ್ತು ಕ್ಯಾನ್ ಸೇರಿ 400 ಕಿ.ಮೀ. ಓಡುವಷ್ಟು ಇರಲಿ, ಮರಳಿನಲ್ಲಿ ಮೈಲೇಜ್ ಇಳಿಯುತ್ತದೆ. ಕೆಲವೆಡೆ ಡ್ರಮ್ಮಿನಿಂದ ಬಕೆಟ್ಟಿನಲ್ಲಿ ಅಳೆದು ಕೊಡುತ್ತಾರೆ, ಗುಣಮಟ್ಟ ಕೆಳಮಟ್ಟದ್ದು. ಲಾಳಿಕೆಯ ಮೇಲೆ ಬಟ್ಟೆ ಹಾಸಿ ಸೋಸಿಯೇ ಹಾಕಿ.

ಹಂತ 5: ಎತ್ತರಕ್ಕೆ ಮೈ ಒಗ್ಗಿಸುವುದು

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು ಎಂಬುದು ವೈದ್ಯರ ಸಾಮಾನ್ಯ ನಿಯಮ. ಈ ದಾರಿಯಲ್ಲಿ ಅದನ್ನು ಮುರಿಯುವ ಜಾಗ ಒಂದೇ: ಲಂಗರ್‌ನಿಂದ ಅಲಿಚುರ್. ಅಲ್ಲಿ ಒಂದೇ ದಿನದಲ್ಲಿ ಸುಮಾರು 1,000 ಮೀಟರ್ ಏರುತ್ತೀರಿ, ನಡುವೆ ಊರಿಲ್ಲ. ಅದಕ್ಕೇ ಲಂಗರ್‌ನಲ್ಲಿ ಎರಡು ರಾತ್ರಿ ಇರಿ. ನಡುವಿನ ಹಗಲು ಊರ ಮೇಲಿನ ಬಂಡೆಚಿತ್ರಗಳವರೆಗೆ, ಆಗುವುದಾದರೆ ಇನ್ನೂ ಮೇಲಕ್ಕೆ ನಡೆದು ಬನ್ನಿ.

ಅಸೆಟಜೋಲಮೈಡ್, ಅಂದರೆ ಔಷಧಿ ಅಂಗಡಿಯ ಡಯಮಾಕ್ಸ್, ತೆಗೆದುಕೊಳ್ಳಬೇಕೇ ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ಸಲ್ಫಾ ಅಲರ್ಜಿ ಇದ್ದರೆ ಮೊದಲೇ ತಿಳಿಸಿ. ತಲೆನೋವು, ಹಸಿವಿಲ್ಲದಿರುವುದು, ನಿದ್ದೆ ಕೆಡುವುದು ಸಾಮಾನ್ಯ. ಅಂಥ ದಿನ ಮೇಲೇರಬೇಡಿ. ಕೂತಲ್ಲೇ ಉಸಿರು ಕಟ್ಟುವುದು, ಕೆಮ್ಮಿನಲ್ಲಿ ನೊರೆ, ನಡಿಗೆ ತೂರಾಡುವುದು, ಮಾತು ತಡವರಿಸುವುದು ಕಂಡರೆ ಅದು ಜೀವದ ಪ್ರಶ್ನೆ. ರಾತ್ರಿಯಾಗಿದ್ದರೂ ಜೀಪು ಮಾಡಿಸಿಕೊಂಡು ಕೆಳಗಿಳಿಸಿ, ಬೈಕನ್ನು ಅಲ್ಲೇ ಬಿಡಿ. ಜೊತೆಗಾರರು ಪರಸ್ಪರ ನಡಿಗೆ ಮಾತು ಗಮನಿಸುತ್ತಿರಬೇಕು, ಏಕೆಂದರೆ ಮಿದುಳಿಗೆ ಬಾಧೆಯಾದವರಿಗೆ ತಮ್ಮ ಸ್ಥಿತಿ ತಾವೇ ತಿಳಿಯುವುದಿಲ್ಲ.

ಹಂತ 6: ದಾರಿ, ಒಂದೊಂದೇ ತುಂಡು

ಎರಡು ವಾರ ಇಟ್ಟುಕೊಳ್ಳಿ. ಹತ್ತು ದಿನದಲ್ಲಿ ಮುಗಿಸುವವರಿದ್ದಾರೆ, ಆದರೆ ಅವರು ರಸ್ತೆಯನ್ನು ಮಾತ್ರ ನೋಡಿ ಬರುತ್ತಾರೆ.

ದುಶಾನ್ಬೆಯಿಂದ ಕಲೈಖುಮ್‌ಗೆ ಎರಡು ದಾರಿ. ಉತ್ತರದ ದಾರಿ ತವಿಲ್ದಾರಾ ಮೂಲಕ 3,252 ಮೀಟರಿನ ಖಬುರಾಬಾತ್ ಪಾಸ್ ದಾಟುತ್ತದೆ, ಬೇಸಿಗೆಯಲ್ಲಿ ಮಾತ್ರ ತೆರೆದಿರುತ್ತದೆ. ದಕ್ಷಿಣದ್ದು ಕುಲೋಬ್ ಮೂಲಕ, ಉದ್ದ ಹೆಚ್ಚು, ರಸ್ತೆ ಉತ್ತಮ. ಬಾಡಿಗೆ ಬೈಕ್ ಇನ್ನೂ ಕೈಗೆ ಕೂರದ ಮೊದಲೆರಡು ದಿನಕ್ಕೆ ದಕ್ಷಿಣದ್ದೇ ಒಳ್ಳೆಯದು. ಕುಲೋಬ್‌ನಲ್ಲಿ ಒಂದು ರಾತ್ರಿ ತಂಗಿ.

ಇಲ್ಲೇ ಇನ್ನೊಂದು ಮಾತು. ಎರಡೂ ದೇಶಗಳಲ್ಲಿ ವಾಹನ ರಸ್ತೆಯ ಬಲಕ್ಕೆ ಓಡುತ್ತದೆ. ನದಿಯೂ ನಿಮಗೆ ಬಲಕ್ಕೇ ಇರುವುದರಿಂದ ಇಡೀ ಕಣಿವೆಯಲ್ಲಿ ಪ್ರಪಾತದ ಅಂಚಿನ ಪಥ ನಿಮ್ಮದು. ಎದುರಿನಿಂದ ಲಾರಿ ಬಂದಾಗ ನಮ್ಮ ಕೈ ಅಭ್ಯಾಸಬಲದಿಂದ ಎಡಕ್ಕೆ ಎಳೆಯುತ್ತದೆ, ಅಂದರೆ ಸೀದಾ ಲಾರಿಯ ಮುಂದಕ್ಕೆ. ಬೆಳಗ್ಗೆ ಹೊರಟ ಮೊದಲ ಗಂಟೆ ಮತ್ತು ಊಟಕ್ಕೆ ನಿಂತು ಮತ್ತೆ ಹೊರಡುವ ಕ್ಷಣ ಅತಿ ಅಪಾಯದವು. ಟ್ಯಾಂಕಿನ ಮೇಲೆ ಬಲಕ್ಕೆ ತೋರಿಸುವ ಬಾಣವೊಂದನ್ನು ಟೇಪಿನಿಂದ ಅಂಟಿಸಿಕೊಳ್ಳಿ. ಲಾರಿ ಕಂಡರೆ ಅಗಲವಾದ ಜಾಗದಲ್ಲಿ ಮೊದಲೇ ನಿಂತುಬಿಡಿ.

ಕಲೈಖುಮ್‌ನಿಂದ ಖೋರೋಗ್‌ಗೆ ಸುಮಾರು 240 ಕಿ.ಮೀ. ಈ ಭಾಗದಲ್ಲಿ ಚೀನೀ ಕಂಪನಿಗಳು ರಸ್ತೆ ಹೊಸದಾಗಿ ಮಾಡುತ್ತಿವೆ. ಸಿಡಿಮದ್ದು ಹಾಕುವಾಗ ಗಂಟೆಗಟ್ಟಲೆ ರಸ್ತೆ ಮುಚ್ಚುತ್ತಾರೆ. ಬೆಳಗ್ಗೆ ಬೇಗ ಹೊರಡಿ, ರುಶಾನ್ ಅಥವಾ ವಂಜ್‌ನಲ್ಲಿ ರಾತ್ರಿ ತಂಗುವಂತೆ ಯೋಚಿಸಿ. ನದಿ ಇಲ್ಲಿ ಕಿರಿದಾಗುತ್ತದೆ. ಆಚೆ ದಡದ ಹಳ್ಳಿಯಲ್ಲಿ ಮಕ್ಕಳು ಆಡುವುದು, ಬೆಟ್ಟದ ಮೈಯಲ್ಲಿ ಕೊರೆದ ಕಾಲುದಾರಿಯಲ್ಲಿ ಕತ್ತೆ ಹೊಡೆದುಕೊಂಡು ಹೋಗುವವರು, ಎಲ್ಲ ಕಣ್ಣಿಗೆ ನಿಚ್ಚಳ.

ಖೋರೋಗ್ ಈ ಪ್ರಾಂತದ ಮುಖ್ಯ ಪಟ್ಟಣ, ಗುಂಟ್ ನದಿ ಪಂಜ್‌ಗೆ ಸೇರುವ ಜಾಗ. ಇಲ್ಲಿ ಎರಡು ರಾತ್ರಿ ಇರಿ. ಬೈಕ್ ತೊಳೆದು ಬೋಲ್ಟುಗಳನ್ನು ಬಿಗಿಮಾಡಿ, ಹಣ ತೆಗೆದುಕೊಳ್ಳಿ, ಔಷಧಿ ಕೊಳ್ಳಿ. ಮುಂದೆ ಓಶ್‌ವರೆಗೆ ಇಷ್ಟು ದೊಡ್ಡ ಪೇಟೆ ಸಿಗುವುದಿಲ್ಲ.

ಖೋರೋಗ್‌ನಿಂದ ಎಂ41 ಪೂರ್ವಕ್ಕೆ ಗುಂಟ್ ಕಣಿವೆ ಹಿಡಿದು ಹೋಗುತ್ತದೆ. ಅದನ್ನು ಬಿಟ್ಟು ದಕ್ಷಿಣಕ್ಕೆ ವಾಖಾನ್ ದಾರಿ ಹಿಡಿಯಿರಿ. ಇಡೀ ಪ್ರವಾಸದ ತಿರುಳು ಇಲ್ಲಿದೆ ಎಂದು ನಾನು ನಂಬಿದ್ದೇನೆ, ಆತುರಪಡಬೇಡಿ. ಗರ್ಮ್ ಚಶ್ಮಾದ ಬಿಸಿನೀರ ಬುಗ್ಗೆ ಮೊದಲು ಸಿಗುತ್ತದೆ. ಖೋರೋಗ್‌ನಿಂದ ಸುಮಾರು 105 ಕಿ.ಮೀ.ಗೆ ಇಶ್ಕಾಶಿಮ್, ಅಲ್ಲಿ ಪಂಜ್ ಕಣಿವೆ ಪೂರ್ವಕ್ಕೆ ತಿರುಗುತ್ತದೆ, ದಕ್ಷಿಣದಲ್ಲಿ ಹಿಂದೂಕುಶ್‌ನ ಹಿಮಶಿಖರಗಳ ಸಾಲು ಏಳುತ್ತದೆ. ಆ ಸಾಲಿನ ಆಚೆ ಪಾಕಿಸ್ತಾನ. ನಡುವಿನ ಅಫ್ಘನ್ ಪಟ್ಟಿ ಕೆಲವೆಡೆ 15 ಕಿ.ಮೀ.ಯಷ್ಟೇ ಅಗಲ.

ನಮದ್‌ಗುತ್ ಹತ್ತಿರ ಕಾಹ್ಕಹಾ ಕೋಟೆ, ಮುಂದೆ ಬೆಟ್ಟದ ಭುಜದ ಮೇಲೆ ಯಮ್ಚುನ್ ಕೋಟೆ, ಅದರ ಮೇಲುಗಡೆ ಬೀಬಿ ಫಾತಿಮಾ ಬಿಸಿನೀರ ಬುಗ್ಗೆ. ಯಮ್ಚುನ್‌ಗೆ ಏರುವ ದಾರಿ ಕಡಿದಾದ ಜಲ್ಲಿ ತಿರುವುಗಳು. ಸಾಮಾನು ಕೆಳಗಿನ ಮನೆಯಲ್ಲಿ ಇಟ್ಟು ಹತ್ತಿ. ವ್ರಂಗ್ ಹಳ್ಳಿಯ ಮೇಲೆ ಬೌದ್ಧ ಸ್ತೂಪವೆಂದು ಗುರುತಿಸಲಾದ ಮೆಟ್ಟಿಲು ಮೆಟ್ಟಿಲಾದ ಕಲ್ಲಿನ ಕಟ್ಟಡವಿದೆ. ಭಾರತದಿಂದ ಹಿಂದಿರುಗುವಾಗ ಚೀನಾದ ಯಾತ್ರಿಕ ಹ್ಯುಯೆನ್ ತ್ಸಾಂಗ್ ಏಳನೇ ಶತಮಾನದಲ್ಲಿ ವಾಖಾನ್ ಹಾದು ಹೋದವನು. ಬಾದಾಮಿಯ ಇಮ್ಮಡಿ ಪುಲಕೇಶಿಯ ನಾಡನ್ನು ಕಂಡು ಬರೆದವನೂ ಅವನೇ ಎಂಬುದು ಕನ್ನಡಿಗರಿಗೆ ಆ ಜಾಗದಲ್ಲಿ ನೆನಪಾಗದೆ ಇರದು.

ಲಂಗರ್‌ನಲ್ಲಿ ಪಾಮಿರ್ ನದಿ ಮತ್ತು ವಾಖಾನ್ ನದಿ ಕೂಡಿ ಪಂಜ್ ಆಗುತ್ತದೆ. ಎರಡು ರಾತ್ರಿಯ ನಂತರ ಮುಂಜಾನೆಯೇ ಹೊರಡಿ. ಇಲ್ಲಿಂದ ಎಂ41 ಸೇರುವವರೆಗೆ ನೂರು ಕಿ.ಮೀ.ಗೂ ಸ್ವಲ್ಪ ಹೆಚ್ಚು ದೂರ. ಊರಿಲ್ಲ, ಪೆಟ್ರೋಲಿಲ್ಲ, ಫೋನಿಲ್ಲ. ಖರ್ಗುಶ್ ಸೇನಾ ಚೆಕ್‌ಪೋಸ್ಟ್ ದಾಟಿ 4,344 ಮೀಟರಿನ ಪಾಸ್ ಹತ್ತಬೇಕು. ಇಡೀ ಪ್ರವಾಸದಲ್ಲಿ ಸವಾರಿ ಅತಿ ಕಠಿಣವಾದ ದಿನ ಇದು. ಒಂಟಿಯಾಗಿ ಬಂದಿದ್ದರೆ ಲಂಗರ್‌ನಲ್ಲಿ ಬೇರೆ ಸವಾರರೋ ಜೀಪಿನವರೋ ಸಿಗುವವರೆಗೆ ಕಾಯಿರಿ, ಅವರ ಹಿಂದೆ ಮುಂದೆ ಹೋಗಿ.

ಮರಳಿನಲ್ಲಿ ಫುಟ್‌ರೆಸ್ಟ್ ಮೇಲೆ ಎದ್ದು ನಿಂತು, ಭಾರ ಹಿಂದಕ್ಕೆ ಹಾಕಿ, ಕಣ್ಣು ದೂರಕ್ಕೆ ಇಟ್ಟು, ಆಕ್ಸಿಲರೇಟರ್ ಒಂದೇ ಸಮ ಹಿಡಿಯಿರಿ. ಮುಂದಿನ ಚಕ್ರ ಓಲಾಡಲು ಬಿಡಿ, ಹ್ಯಾಂಡಲ್ ಜೊತೆ ಕುಸ್ತಿ ಬೇಡ, ಮುಂದಿನ ಬ್ರೇಕ್ ಮುಟ್ಟಬೇಡಿ. ಅಲೆಅಲೆಯಾಗಿ ಗೆರೆ ಬಿದ್ದ ಜಲ್ಲಿ ರಸ್ತೆಯಲ್ಲಿ ತೀರ ನಿಧಾನ ಹೋದರೆ ಬೈಕೂ ಬೆನ್ನೂ ಕಳಚುತ್ತವೆ. ನೇರವಾದ, ದೂರ ಕಾಣುವ ಕಡೆ ಮಾತ್ರ ಗಂಟೆಗೆ 50 ಕಿ.ಮೀ. ಆಸುಪಾಸಿನಲ್ಲಿ ಚಕ್ರ ಗೆರೆಗಳ ಮೇಲೆ ತೇಲುತ್ತದೆ. ಹಳ್ಳ ಬಂದರೆ ಮೊದಲು ನಡೆದು ನೋಡಿ. ನೀರು ಮೊಣಕಾಲು ಮುಟ್ಟಿ ಎಳೆಯುವಂತಿದ್ದರೆ ಬೈಕ್ ಇಳಿಸಬೇಡಿ. ಸಂಜೆಯಾಗಿದ್ದರೆ ಅಲ್ಲೇ ರಾತ್ರಿ ಕಳೆದು ಬೆಳಗ್ಗೆ ದಾಟಿ, ರಾತ್ರಿ ಹಿಮ ಕರಗದೆ ನೀರು ಇಳಿದಿರುತ್ತದೆ. ಅದಕ್ಕೇ ಒಂದು ಚಿಕ್ಕ ಡೇರೆ, ಒಳ್ಳೆಯ ಸ್ಲೀಪಿಂಗ್ ಬ್ಯಾಗ್ ಬೇಕು.

ಅಲಿಚುರ್ ಅಥವಾ ಪಕ್ಕದ ಬುಲುನ್‌ಕುಲ್ ಹಳ್ಳಿಯಲ್ಲಿ ತಂಗಿ. ಮರವೇ ಇಲ್ಲದ ಬಯಲು, ಒಣ ಸಗಣಿಯ ಒಲೆ, ಯಾಕ್‌ಗಳು. ಮರುದಿನದ ಮುರ್ಗಾಬ್ ಸುಮಾರು 3,600 ಮೀಟರಿನಲ್ಲಿ ಅಲಿಚುರ್‌ಗಿಂತ ಕೆಳಗಿರುವುದರಿಂದ ಮೈಗೆ ಆರಾಮ. 1893ರಲ್ಲಿ ರಷ್ಯನ್ನರು ಸೇನಾ ಠಾಣೆಯಾಗಿ ಕಟ್ಟಿದ ಊರು ಇದು. ಬಜಾರು ಹಳೆಯ ಹಡಗು ಕಂಟೇನರುಗಳಲ್ಲಿ ನಡೆಯುತ್ತದೆ. ಇಲ್ಲಿ ಕಿರ್ಗಿಜ್ ಜನ ಹೆಚ್ಚು, ಅನೇಕರು ಒಂದು ಗಂಟೆ ಮುಂದಿರುವ ಕಿರ್ಗಿಜ್ ಸಮಯವನ್ನೇ ಪಾಲಿಸುತ್ತಾರೆ. ಹೊರಡುವ ಹೊತ್ತು ಮಾತಾಡುವಾಗ ಯಾವ ಸಮಯ ಎಂದು ಕೇಳಿಕೊಳ್ಳಿ.

ಮುರ್ಗಾಬ್ ದಾಟಿದ ಮೇಲೆ ಅಕ್-ಬೈತಾಲ್, 4,655 ಮೀಟರ್, ಎಂ41ರ ಅತಿ ಎತ್ತರದ ಜಾಗ. ಮೇಲೆ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ. ಇಳಿದರೆ ಕರಾಕುಲ್, ಉಲ್ಕೆ ಬಿದ್ದ ಕುಳಿಯಲ್ಲಿ ನಿಂತಿರುವ ಉಪ್ಪುನೀರ ಸರೋವರ, ಹೊರಕ್ಕೆ ಹರಿವಿಲ್ಲ.

ಹಂತ 7: ಗಡಿಯ ಅಂಚಿನಲ್ಲಿ ನಡೆದುಕೊಳ್ಳುವ ಬಗೆ

1990ರ ದಶಕದಲ್ಲಿ ಅಫ್ಘನ್ ಗಡಿಯುದ್ದಕ್ಕೂ ನೆಲಬಾಂಬ್ ಹೂತಿದ್ದರು. ತೆಗೆಯುವ ಕೆಲಸ ನಡೆದಿದ್ದರೂ ಪೂರ್ತಿ ಮುಗಿದಿಲ್ಲ. ರಸ್ತೆ ಬಿಟ್ಟು ನದಿಯ ಅಂಚಿಗೆ ಇಳಿಯಬೇಡಿ, ಮೂತ್ರ ವಿಸರ್ಜನೆಗೂ ರಸ್ತೆಯ ಮಗ್ಗುಲಲ್ಲೇ ನಿಲ್ಲಿ. ಡೇರೆ ಹಾಕುವುದಾದರೆ ಊರವರನ್ನು ಕೇಳಿ, ನದಿಯಿಂದ ದೂರ, ಕಣಿವೆಯ ಮೇಲ್ಭಾಗದಲ್ಲಿ ಹಾಕಿ. ನದಿ ದಂಡೆಯಲ್ಲಿ ಎಳೆಯ ಹುಡುಗರು ಬಂದೂಕು ಹಿಡಿದು ಗಸ್ತು ತಿರುಗುತ್ತಿರುತ್ತಾರೆ. ಅವರ, ಚೆಕ್‌ಪೋಸ್ಟ್‌ನ, ಸೇತುವೆಯ ಫೋಟೊ ಬೇಡ. ಹೆಲ್ಮೆಟ್ ಮೇಲಿನ ಕ್ಯಾಮರಾ ಆರಿಸಿ ಕೆಳಗಿಳಿಸಿ. ಹೆಲ್ಮೆಟ್ ತೆಗೆದು, ಎದೆಗೆ ಕೈಯಿಟ್ಟು ಸಲಾಂ ಹೇಳಿ. ಹಿಂದೂಸ್ತಾನದವರು ಎಂದರೆ ಮುಖ ಅರಳುತ್ತದೆ. ಹಿಂದಿ ಸಿನಿಮಾ ಅಲ್ಲಿ ಮನೆಮನೆಗೂ ಗೊತ್ತು. ಲಂಚ ಕೇಳಿದರೆ ಸಿಟ್ಟಾಗಬೇಡಿ, ರಸೀದಿ ಕೇಳಿ, ಕಾಯಲು ಸಿದ್ಧರಾಗಿ.

ಹಂತ 8: ವಸತಿ, ಊಟ, ಹಣ

ಹೋಟೆಲಿಗಿಂತ ಮನೆವಾಸ ಎಷ್ಟೋ ಮೇಲು. ಪಾಮಿರಿ ಮನೆಯ ಐದು ಕಂಬಗಳೂ ಚಾವಣಿಯಲ್ಲಿ ಒಂದರೊಳಗೊಂದು ಚೌಕಗಳಾಗಿ ಏರುವ ಬೆಳಕಿಂಡಿಯೂ ಅವರ ಇಸ್ಮಾಯಿಲಿ (ಶಿಯಾ ಇಸ್ಲಾಮಿನ ಒಂದು ಪಂಥ) ನಂಬಿಕೆಯ ಅರ್ಥಗಳನ್ನು ಹೊತ್ತಿವೆ. ಕಂಬಗಳು ಪ್ರವಾದಿ ಮುಹಮ್ಮದ್, ಅಲಿ, ಫಾತಿಮಾ, ಹಸನ್, ಹುಸೇನರ ಹೆಸರಿನವು. ಶೂ ಹೊರಗೆ ಬಿಡಿ, ರೊಟ್ಟಿಯನ್ನು ತಲೆಕೆಳಗಾಗಿ ಇಡಬೇಡಿ. ರಾತ್ರಿಯೂಟ, ಬೆಳಗಿನ ತಿಂಡಿ ಸೇರಿಯೇ ದರ ಹೇಳುತ್ತಾರೆ. ಬೆಳಗ್ಗೆ ಶೀರ್‌ಚಾಯ್ ಕೊಡುತ್ತಾರೆ, ಹಾಲು, ಉಪ್ಪು, ಬೆಣ್ಣೆ ಹಾಕಿದ ಚಹಾ. ಅದರಲ್ಲಿ ರೊಟ್ಟಿ ಮುರಿದು ಹಾಕಿ ತಿನ್ನಬೇಕು. ಚಳಿಯ ಬೆಳಗಿಗೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಸಸ್ಯಾಹಾರಿಗಳು ಮೊದಲೇ ‘ಬೇ ಗೋಷ್ತ್’, ಮಾಂಸವಿಲ್ಲದೆ, ಎಂದು ಹೇಳಬೇಕು. ಆಲೂಗಡ್ಡೆ, ರೊಟ್ಟಿ, ಮೊಸರು, ಬೇಕಾದರೆ ಮೊಟ್ಟೆ ಸಿಗುತ್ತದೆ. ಸೂಪು ತರಕಾರಿಯದೆಂದು ಕಂಡರೂ ಮಾಂಸದ ನೀರಿನಲ್ಲೇ ಮಾಡಿರುತ್ತಾರೆ. ತೆಳು ಅವಲಕ್ಕಿ, ಚಟ್ನಿಪುಡಿ, ಹುರಿಹಿಟ್ಟು ಒಯ್ಯಿರಿ. ತೂಕ ಕಡಿಮೆ, ಬಿಸಿನೀರು ಎಲ್ಲೆಡೆ ಕೊಡುತ್ತಾರೆ. ಕುಡಿಯುವ ನೀರನ್ನು ಸೋಸಿ ಅಥವಾ ಕುದಿಸಿ.

ಖೋರೋಗ್ ದಾಟಿದ ಮೇಲೆ ಎಟಿಎಂ ನಂಬಬೇಡಿ. ತಜಿಕ್ ಹಣವಾದ ಸೊಮೊನಿಯ ಚಿಲ್ಲರೆ ಸಾಕಷ್ಟು ಇರಲಿ, ಮಡಿಕೆ ಬೀಳದ ಹೊಸ ಡಾಲರ್ ನೋಟುಗಳನ್ನು ಎರಡು ಬೇರೆ ಬೇರೆ ಕಡೆ ಇಡಿ. ನಕ್ಷೆಯನ್ನು ಫೋನಿಗೆ ಇಳಿಸಿಕೊಂಡಿರಿ.

ಹಂತ 9: ಕಿಝಿಲ್-ಅರ್ತ್ ದಾಟಿ ಓಶ್‌ಗೆ

ಕರಾಕುಲ್‌ನಿಂದ ಬೆಳಗ್ಗೆ ಹೊರಟರೆ ತಜಿಕ್ ಗಡಿಠಾಣೆ ಪಾಸ್‌ನ ಹತ್ತಿರವೇ, 4,200 ಮೀಟರಿನ ಮೇಲೆ. ಇಲ್ಲಿ ಬೈಕ್‌ನ ತಾತ್ಕಾಲಿಕ ಆಮದು ಕಾಗದ ಅಥವಾ ಬಾಡಿಗೆಯವರು ಕೊಟ್ಟ ಅಧಿಕಾರಪತ್ರ ಕೇಳುತ್ತಾರೆ. ಬೈಕನ್ನು ಇನ್ನೊಂದು ದೇಶಕ್ಕೆ ಒಯ್ಯಲು ಮಾಲೀಕರ ಒಪ್ಪಿಗೆ ಇದೆ ಎಂದು ರಷ್ಯನ್‌ನಲ್ಲಿ ಬರೆದ, ನೋಟರಿಯಾದ ಪತ್ರ ಇಲ್ಲದಿದ್ದರೆ ಇಲ್ಲಿಂದಲೇ ಹಿಂದಿರುಗಬೇಕಾಗುತ್ತದೆ. ಆ ಪತ್ರವನ್ನು ದುಶಾನ್ಬೆಯಲ್ಲೇ ಓದಿಸಿ, ಎಂಜಿನ್ ಮತ್ತು ಚಾಸಿಸ್ ಸಂಖ್ಯೆ ಸರಿಯಿದೆಯೇ ನೋಡಿರಬೇಕು.

ಪಾಸ್ ದಾಟಿದ ಮೇಲೆ ಕಿರ್ಗಿಜ್ ಠಾಣೆ ಬರ್ಡೊಬೊವರೆಗೆ ಸುಮಾರು 20 ಕಿ.ಮೀ. ಯಾರ ಆರೈಕೆಯೂ ಇಲ್ಲದ ದಾರಿ. ಕೆಂಪು ಮಣ್ಣು ಮಳೆ ಬಿದ್ದರೆ ಜಾರುತ್ತದೆ, ಕೆಲವೆಡೆ ರಸ್ತೆಯನ್ನೇ ಹಳ್ಳ ಕೊಚ್ಚಿಕೊಂಡು ಹೋಗಿರುತ್ತದೆ. ಮಳೆ ಮೋಡ ಕಂಡರೆ ಕರಾಕುಲ್‌ನಲ್ಲೇ ಇನ್ನೊಂದು ದಿನ ಇರಿ. ಕಿರ್ಗಿಜ್ ಕಡೆ ಮೊಹರು ಬಿದ್ದ ಮೇಲೆ ಸಾರಿ-ತಾಶ್. ಅಲ್ಲಿ ತಿರುಗಿ ನೋಡಿದರೆ ಅಲಾಯ್ ಬಯಲಿನ ಆಚೆ 7,134 ಮೀಟರಿನ ಲೆನಿನ್ ಶಿಖರವಿರುವ ಹಿಮದ ಗೋಡೆ ಉದ್ದಕ್ಕೂ ನಿಂತಿರುತ್ತದೆ. ಮುಂದೆ 3,615 ಮೀಟರಿನ ತಾಲ್ದಿಕ್ ಪಾಸ್ ಇಳಿದರೆ ಓಶ್‌ವರೆಗೆ ಸುಮಾರು 185 ಕಿ.ಮೀ. ಒಳ್ಳೆಯ ಡಾಂಬರು. ಎರಡು ವಾರ ಜಲ್ಲಿಯಲ್ಲಿ ಓಡಿಸಿದ ಕೈಗೆ ಆ ನುಣುಪು ವೇಗದ ಆಸೆ ಹುಟ್ಟಿಸುತ್ತದೆ. ಆ ಇಳಿಜಾರಿನಲ್ಲಿ ಬ್ರೇಕ್ ಪ್ಯಾಡ್ ಉಳಿದಿದೆಯೇ ಎಂದು ಸಾರಿ-ತಾಶ್‌ನಲ್ಲೇ ನೋಡಿಕೊಳ್ಳಿ, ಕುದುರೆ ಕುರಿ ಹಿಂಡುಗಳು ರಸ್ತೆ ತುಂಬ ಬರುತ್ತವೆ.

ಓಶ್‌ನಲ್ಲಿ ವಿಮಾನಕ್ಕೆ ಮೊದಲು ಎರಡು ದಿನ ಕೈಯಲ್ಲಿರುವಂತೆ ಟಿಕೆಟ್ ಮಾಡಿರಿ; ಕಿಝಿಲ್-ಅರ್ತ್‌ನಲ್ಲಿ ಒಂದು ಭೂಕುಸಿತವಾದರೆ ಆ ಎರಡು ದಿನವೇ ಆಸರೆ. ಬೈಕ್ ಹಿಂದಿರುಗಿಸುವಾಗ ತೊಳೆದು, ಬೆಳಕಿನಲ್ಲಿ ಎಲ್ಲ ಕಡೆಯ ಫೋಟೊ ತೆಗೆದು, ಠೇವಣಿ ಹಣ ಕೈಗೆ ಬಂದ ಮೇಲೆಯೇ ಗಡಿಯ ಕಾಗದಗಳ ಮೂಲ ಪ್ರತಿಯನ್ನು ಕೊಡಿ, ನಿಮಗೊಂದು ಪ್ರತಿ ಇಟ್ಟುಕೊಳ್ಳಿ. ಊಟದ ಚಿಂತೆ ಇಲ್ಲಿ ಇಲ್ಲ. ಓಶ್‌ನಲ್ಲಿ ವೈದ್ಯಕೀಯ ಓದುವ ಭಾರತೀಯ ವಿದ್ಯಾರ್ಥಿಗಳು ಬಹಳ ಮಂದಿ ಇದ್ದಾರೆ, ಅವರಿಗಾಗಿಯೇ ನಡೆಯುವ ಮೆಸ್ಸುಗಳಲ್ಲಿ ಅನ್ನ, ಬೇಳೆ ಸಾರು ಸಿಗುತ್ತದೆ. ವಿಶ್ವವಿದ್ಯಾಲಯದ ಹತ್ತಿರ ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ.